ಒಳಗೆ ಹೋಗದ ಮನೆ

ಇಲ್ಲ, ಕುಳಿತಿರಲಿಲ್ಲ. ನಿಂತೇ ಇದ್ದೆವು ಅನ್ನಿಸುತ್ತದೆ. ಕುಳಿತಿದ್ದೆವು ಎಂದು ಬರೆದವನು ನಾನೇ. ವಾರಕ್ಕೊಮ್ಮೆ ನಮ್ಮ ಮಿಷನ್ನಿನ ಮುಖ್ಯಸ್ಥರಿಗೆ ಪತ್ರ ಕಳಿಸಬೇಕಿತ್ತು, ಆ ವಾರದ ಪತ್ರದಲ್ಲಿ ‘ಅಂಗಳದಲ್ಲಿ ಕುಳಿತು ಪ್ರಾರ್ಥಿಸಿದೆವು’ ಎಂಬ ಸಾಲಿದೆ. ಬಹಳ ದಿನ ಆ ಸಾಲನ್ನೇ ನೆನಪು ಅಂದುಕೊಂಡಿದ್ದೆ. ಆದರೆ ಕುಳಿತವನಿಗೆ ಕಾಣುವಂಥದ್ದು ಯಾವುದೂ ನನ್ನ ತಲೆಯಲ್ಲಿಲ್ಲ. ಇರುವುದು ಬಾಗಿಲಿನ ಮೇಲ್ಪಟ್ಟಿ ಮತ್ತು ಆ ಹೆಂಗಸಿನ ಬೈತಲೆ. ಬೈತಲೆ ಕಾಣಬೇಕಾದರೆ ನಾನು ನಿಂತಿರಬೇಕು.

ನಾನು ಆಗ ಮಾರ್ಮನ್ ಎಂಬ ಕ್ರೈಸ್ತ ಪಂಥದ ಮಿಷನರಿ. ಇಪ್ಪತ್ತೊಂದು ವರ್ಷ. ಬೆಂಗಳೂರಿನವನು, ಕಲಬುರಗಿಗೆ ಕಳಿಸಿದ್ದರು. ಬಿಳಿ ಅಂಗಿ, ಟೈ, ಕಪ್ಪು ಪ್ಯಾಂಟು. ಎರಡು ವರ್ಷದ ಸೇವೆಯಲ್ಲಿ ಇಪ್ಪತ್ತೆರಡು ತಿಂಗಳು ಮುಗಿದಿದ್ದವು, ನನ್ನ ಕೈಯಿಂದ ಒಬ್ಬರಿಗೂ ದೀಕ್ಷಾಸ್ನಾನ ಆಗಿರಲಿಲ್ಲ. ಕರೆಯದ ಮನೆಯ ಬಾಗಿಲು ತಟ್ಟುವಂತಿರಲಿಲ್ಲ, ಕರೆಯುವವರು ಇರಲಿಲ್ಲ. ಇಬ್ಬಿಬ್ಬರಾಗಿಯೇ ಇರಬೇಕು, ಒಬ್ಬರ ಕಣ್ಣಿಗೆ ಒಬ್ಬರು ಕಾಣುತ್ತಿರಬೇಕು ಎಂಬುದು ನಿಯಮ. ನನ್ನ ಜೊತೆಗಾರ ಆಂಧ್ರದ ಹುಡುಗ. ಅವನಿಗೆ ನವೆಂಬರಿನಲ್ಲಿ ಟೈಫಾಯಿಡ್ ಆಗಿ, ಹೊರಗಿನದು ಏನನ್ನೂ ಮುಟ್ಟಬೇಡ, ನೀರು ಕೂಡ ನಿನ್ನ ಬಾಟಲಿಯದೇ ಕುಡಿ ಎಂದು ಮಿಷನ್ನಿನಿಂದ ಫೋನಿನಲ್ಲೇ ಕಟ್ಟಪ್ಪಣೆಯಾಗಿತ್ತು.

ಆ ಹೆಂಗಸು ಕಮಲಾಪುರದವರು. ನಲವತ್ತೈದರ ಆಸುಪಾಸು, ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಅವರ ಅಕ್ಕ, ಭಾವ ಕುಸನೂರಿನಲ್ಲಿದ್ದರು. ಅವರಿಬ್ಬರೂ ನಮ್ಮ ಚರ್ಚಿನವರು. ಅಕ್ಕನ ಮನೆಗೆ ಬಂದಾಗ ಆಕೆ ನಮ್ಮ ಪಾಠ ಕೇಳಲು ಕೂರುತ್ತಿದ್ದರು. ನಮ್ಮನ್ನು ಎಲ್ಲರೂ ‘ಎಲ್ಡರ್’ ಎನ್ನಬೇಕು, ಹಿರಿಯರು ಎಂದರ್ಥ ಎಂದು ಮೊದಲ ದಿನ ಹೇಳಿದಾಗ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದರು.

“ಹಿರ್ಯಾರಂತ ಹಿರ್ಯಾರು! ಮೀಸಿ ಸೈತ ಪೂರಾ ಬಂದಿಲ್ಲ.”

ಮೂರನೆಯದೋ ನಾಲ್ಕನೆಯದೋ ಪಾಠದ ಮಧ್ಯೆ ಕೇಳಿದರು. “ಒಂದ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮಲ್ಲಿ ಜಾತಿ ಅದ ಏನು?”

“ಇಲ್ಲ ಅಕ್ಕ.”

“ಬಾಯಾಗ ಇಲ್ಲ ಅಂತಾರ ಎಲ್ಲಾರೂ. ಊಟದಾಗ?”

“ಊಟದಲ್ಲೂ ಇಲ್ಲ.”

ಆಮೇಲೆ ತಮ್ಮ ಶಾಲೆಯ ಕಥೆ ಹೇಳಿದರು. “ನಾನು ಸೇರಿದ ಮೊದಲ್ನೇ ವರ್ಷ ಅರ್ಧ ಮಕ್ಳು ಮನಿಯಿಂದ ಡಬ್ಬಿ ಕಟ್ಕೊಂಡು ಬರ್ತಿದ್ವು. ಈಗ ಉಣ್ತಾವ. ಹೆಡ್ ಮಾಸ್ತರು ಮಾತ್ರ ಶುಗರ್ ಅದ ಅಂತಾರ. ಹನ್ನೊಂದು ವರ್ಷ ಆತು, ಅವರ ಶುಗರ್ ನನ್ನ ಅಡಗಿ ನೋಡಿದ ಕೂಡ್ಲೇ ಏಳ್ತದ.”

ಎಲ್ಲರೂ ನಕ್ಕೆವು. ನಾನು ಹೆಚ್ಚೇ ನಕ್ಕಿರಬೇಕು.

ಡಿಸೆಂಬರಿನಲ್ಲಿ ಆಕೆ ಒಪ್ಪಿದರು. ಕ್ರಿಸ್‌ಮಸ್‌ನ ಹಿಂದಿನ ದಿನ, ಶನಿವಾರ, ದೀಕ್ಷಾಸ್ನಾನ ಎಂದು ಗೊತ್ತಾಯಿತು. ಒಂದೇ ಒಂದು ಮಾತು ಹಾಕಿದರು. “ನೀರಾಗ ಮುಳುಗೋಕಿಂತ ಮೊದ್ಲ ನೀವಿಬ್ರೂ ನಮ್ಮ ಮನಿಗಿ ಬರಬೇಕು. ಮನ್ಯಾಗ ಪ್ರಾರ್ಥನಾ ಮಾಡಬೇಕು, ನನ್ನ ಕೈಯಾಗಿಂದು ಉಣಬೇಕು. ಆಮ್ಯಾಲ ನಾನು ನಿಮ್ಮವಳು.” ಅದು ಪರೀಕ್ಷೆ ಎಂದು ಆಕೆ ಮುಚ್ಚಿಡಲಿಲ್ಲ. ನನಗೆ ಅದು ಪರೀಕ್ಷೆ ಎನಿಸಲೂ ಇಲ್ಲ, ಊಟ ಎನಿಸಿತು.

ಶುಕ್ರವಾರ ಹೊರಟೆವು. ಅಂದು ಎಳ್ಳ ಅಮಾವಾಸ್ಯೆ. ಆ ಸೀಮೆಯ ಡಿಸೆಂಬರ್ ಎಂದರೆ ಅದೇ, ಕ್ರಿಸ್‌ಮಸ್ ಅಲ್ಲ. ಊರೂರೇ ಸಜ್ಜೆ ರೊಟ್ಟಿ, ಸೊಪ್ಪು ಕಾಳು ಬೇಯಿಸಿದ ಭಜ್ಜಿಯ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಉಣ್ಣುತ್ತದೆ. ಬಸ್ಸು ತಾಜಸುಲ್ತಾನಪುರ ದಾಟುವ ಹೊತ್ತಿಗೆ ಆಕೆಯ ಭಾವನ ಫೋನ್ ಬಂತು. ಅವರು ತಮ್ಮ ಆಟೋದಲ್ಲಿ ನಮಗಿಂತ ಮೊದಲೇ ಕಮಲಾಪುರ ಮುಟ್ಟಿರಬೇಕಿತ್ತು. “ತಮ್ಮಾ, ಹೊಲಕ್ಕ ಹೋಗೋ ಮಂದಿ ಬಿಡವಲ್ರು. ಒಂದು ಟ್ರಿಪ್ ಅಂದೋರು ನಾಕು ಟ್ರಿಪ್ ಮಾಡ್ಸಾಕತ್ಯಾರ. ನೀವು ನಡ್ರಿ.”

ಜೊತೆಗಾರ ನನ್ನ ಮುಖ ನೋಡಿದ. ಮನೆಯಲ್ಲಿ ಗಂಡಸರು ಯಾರೂ ಇಲ್ಲದೆ ಹೆಂಗಸು ಒಬ್ಬರೇ ಇದ್ದರೆ ನಾವು ಒಳಗೆ ಹೋಗುವಂತಿಲ್ಲ. ಹೊರಗೆ, ನಾಲ್ಕು ಜನರಿಗೆ ಕಾಣುವ ಹಾಗೆ ಮಾತಾಡಬಹುದು. ಅದೂ ನಿಯಮ, ಒಳ್ಳೆಯ ನಿಯಮವೇ. ಇಳಿದು ವಾಪಸು ಹೋಗಬಹುದಿತ್ತು. ಹೋಗಲಿಲ್ಲ. ಅವನು ವಾಪಸು ಹೋಗೋಣ ಎಂದನೋ, ನಾನು ಬೇಡ ಎಂದೆನೋ, ಅಥವಾ ಇಬ್ಬರೂ ಸುಮ್ಮನಿದ್ದೆವೋ. ಸುಮ್ಮನಿದ್ದೆವು ಎಂದೇ ಬರೆಯುತ್ತೇನೆ, ಹೆಚ್ಚಿನ ತಪ್ಪುಗಳನ್ನು ನಾವು ಹಾಗೆಯೇ ಮಾಡಿದ್ದು.

ಓಣಿ ಖಾಲಿ. ಎದುರು ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಮಾತ್ರ. ನಮ್ಮನ್ನು ಕರೆದಾಕೆ ತಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಹಸಿರು ಸೀರೆ. ಹಸಿರು ಎಂಬ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ.

“ಬಂದ್ರ್ಯಾ? ಬರ್ರಿ ಬರ್ರಿ ಒಳಗ. ಭಾವ ಎಲ್ಲಿ?”

“ಬರ್ಲಿಲ್ಲ ಅಕ್ಕ. ಬಾಡಿಗೆ ಬಂತಂತೆ.”

“ಹೋಗ್ಲಿ ಬಿಡು. ಹೊಲ ಇದ್ದವ್ರು ಹೊಲಕ್ಕ ಹೋಗ್ಯಾರ, ನಮಗ ಮನಿನೇ ಹೊಲ. ಬರ್ರಿ, ಭಜ್ಜಿ ಆರಿ ಹೋಗ್ತದ. ಸಜ್ಜಿ ರೊಟ್ಟಿ ಬಿಸಿ ಬಿಸಿ ಮಾಡೀನಿ.”

“ಇಲ್ಲೇ ಇರ್ತೀವಿ ಅಕ್ಕ. ಹೊರಗೇ ಪ್ರಾರ್ಥನೆ ಮಾಡೋಣ.”

“ಯಾಕ?”

ಇಲ್ಲಿ ನಾನು ಹೇಳಬೇಕಿತ್ತು. ನೀವು ಒಬ್ಬರೇ ಇದ್ದೀರಿ, ಅದಕ್ಕೆ ಒಳಗೆ ಬರುವಂತಿಲ್ಲ. ಎದುರುಗಡೆ ಆ ಮುದುಕಿ ಕಿವಿಯಾಗಿ ಕುಳಿತಿದ್ದರು. ಗಂಡನಿಲ್ಲದ ಹೆಂಗಸಿಗೆ, ಅವಳ ಓಣಿಯಲ್ಲಿ, ‘ನೀವು ಒಬ್ಬರೇ’ ಎಂದು ಇಬ್ಬರು ಹುಡುಗರು ಗಟ್ಟಿಯಾಗಿ ಹೇಳಿದರೆ ಅದಕ್ಕೆ ಯಾವ ಬಣ್ಣ ಹತ್ತುತ್ತದೋ ಎಂದು ಹೆದರಿದೆ. ಆಕೆಯ ಮಾನ ಕಾಯುತ್ತಿದ್ದೇನೆ ಅಂದುಕೊಂಡೆ. “ಹೀಗೇ ಅಕ್ಕ, ಇಲ್ಲೇ ಗಾಳಿ ಚೆನ್ನಾಗಿದೆ” ಎಂದೆ. ಗಾಳಿ ಇರಲಿಲ್ಲ.

ಆಕೆ ಒಳಗೆ ಹೋಗಿ ಎರಡು ಸ್ಟೀಲ್ ಲೋಟ ತಂದರು.

“ಚಹಾ ಅಲ್ರಿ. ನೀವು ಚಹಾ ಕುಡಿಯಂಗಿಲ್ಲ ಅಂತ ಗೊತ್ತದ ನನಗ. ಹಾಲು. ಬೆಲ್ಲ ಹಾಕೀನಿ.”

ಜೊತೆಗಾರ ಎದೆಯ ಮೇಲೆ ಕೈಯಿಟ್ಟು, “ವದ್ದಕ್ಕಾ, ಬೇಡ, ಥ್ಯಾಂಕ್ಸ್” ಎಂದ. ಬಿಸಿಲಲ್ಲಿ ನಡೆದು ಬಂದಿದ್ದ, ನಿಜವಾಗಿ ಬಾಯಾರಿತ್ತು. ಚೀಲದಿಂದ ತನ್ನ ಬಾಟಲಿ ತೆಗೆದು ಎತ್ತಿ ಕುಡಿದ. ನಾನೂ ಹಾಲು ಕುಡಿಯಲಿಲ್ಲ. ನನ್ನ ಕೈ ಲೋಟದ ಕಡೆ ಹೋಯಿತು ಎಂದು ಅಮ್ಮನಿಗೆ ಹೇಳಿದ್ದೇನೆ. ಅದನ್ನು ಅಮ್ಮನಿಗೆ ಹೇಳಿದ್ದು ನೆನಪಿದೆ, ಕೈ ಹೋಗಿದ್ದು ನೆನಪಿಲ್ಲ.

ಎದುರು ಕಟ್ಟೆಯಿಂದ ಮುದುಕಿ ದನಿ ಎತ್ತಿದರು. “ಏ ತಂಗಿ, ಇವರೇನವಾ ನಿನ್ನ ಹೊಸಾ ದೇವ್ರ ಮಂದಿ? ಗೌಡ್ರ ಹಂಗೇ ಹೊರಗ ನಿಂತಾರಲ್ಲ! ಗೌಡ್ರು ಟೈ ಕಟ್ಟಂಗಿಲ್ಲ, ಅಷ್ಟ ಫರಕ್.”

“ಸುಮ್ಕಿರು ಯವ್ವಾ.”

ಜೊತೆಗಾರನಿಗೆ ಮಾತು ಅರ್ಥವಾಗಲಿಲ್ಲ. ಮುದುಕಿ ನಕ್ಕದ್ದು ನೋಡಿ ತಾನೂ ನಕ್ಕ. ನಾನು ಏನೋ ಸರಿಪಡಿಸಲು ಹೋಗಿ, “ಭಜ್ಜಿ, ರೊಟ್ಟಿ ಪಾರ್ಸಲ್ ಕಟ್ಟಿಕೊಡಿ ಅಕ್ಕ, ರೂಮಿಗೆ ಹೋಗಿ ತಿಂತೀವಿ” ಎಂದೆ.

“ಪಾರ್ಸಲ್ಲಾ?” ಆಕೆ ನನ್ನನ್ನು ನೋಡಿದರು. “ಇದು ಖಾನಾವಳಿ ಅಲ್ಲ, ತಮ್ಮಾ.”

ಪ್ರಾರ್ಥನೆ ಮಾಡಿದೆ. ಈ ಮನೆಯೊಳಗೆ ಶಾಂತಿಯಿರಲಿ ಎಂದು, ಮನೆಯ ಹೊರಗೆ ನಿಂತು, ಕಣ್ಣು ಮುಚ್ಚಿ ಹೇಳಿದೆ. ಕಣ್ಣು ತೆರೆದಾಗ ಲೋಟಗಳು ಇರಲಿಲ್ಲ. ಆಕೆ ಆಮೆನ್ ಎಂದದ್ದು ಕೇಳಲಿಲ್ಲ. “ನಾಳೆ ಹತ್ತು ಗಂಟೆಗೆ, ಅಕ್ಕ” ಎಂದೆ. “ಹೂಂ, ನೋಡ್ತೀನಿ” ಎಂದರು. ಬಸ್ಸಿನಲ್ಲಿ ಜೊತೆಗಾರ ಸಮಾಧಾನದಿಂದ ನಿದ್ದೆ ಹೋದ. ಒಂದೂ ನಿಯಮ ಮುರಿದಿರಲಿಲ್ಲ.

ಕಲಬುರಗಿಯ ಐವಾನ್-ಎ-ಶಾಹಿಯ ಹತ್ತಿರ ನಮ್ಮ ಚರ್ಚಿನ ಬಾಡಿಗೆಯ ಹಾಲ್. ಮೂಲೆಯಲ್ಲಿ ಪರದೆಯ ಹಿಂದೆ ನೀಲಿ ಪ್ಲಾಸ್ಟಿಕ್ಕಿನ ತೊಟ್ಟಿ. ಟ್ಯಾಂಕರ್ ತರಿಸಿ ತುಂಬಿಸಿದ್ದೆವು. ಆಕೆಗೆಂದು ಹೊಲಿಸಿದ ಬಿಳಿ ನಿಲುವಂಗಿ ಕಿಟಕಿಯ ಸರಳಿಗೆ ತೂಗುತ್ತಿತ್ತು. ಶನಿವಾರ ಹತ್ತು ಗಂಟೆ ಆಯಿತು, ಹನ್ನೊಂದಾಯಿತು. ಹನ್ನೆರಡರ ಸುಮಾರಿಗೆ ಆಕೆಯ ಅಕ್ಕ ಒಬ್ಬರೇ ಬಂದರು.

“ಅಕಿ ಬರಂಗಿಲ್ಲ.”

“ಹುಷಾರಿಲ್ವಾ?”

“ಆರಾಮ ಅದಾಳ. ಏನಂದಳು ಹೇಳ್ಲಾ? ‘ಊರ ಮಂದಿ ಹೊರಗ ನಿಂದ್ರೋದು ಹುಟ್ಟಿದಾಗಿಂದ ನೋಡೀನಿ. ಹೊಸಬರನ್ನ ಮನಿ ತನಕ ಕರ್ಕೊಂಡು ಬಂದು ಹೊರಗ ನಿಂದರ್ಸ್ಕೊಳ್ಳಲೇನು’ ಅಂದಳು.”

ನಾನು ನಿಯಮ ವಿವರಿಸತೊಡಗಿದೆ. ಅಕ್ಕ ಕೈಯೆತ್ತಿ ತಡೆದರು. “ನನಗ ಗೊತ್ತದ. ಅಕಿಗಿ ಯಾರು ಹೇಳ್ಬೇಕಿತ್ತು? ಬಾಯಿ ಬಿಟ್ಟು ಹೇಳ್ಬೇಕಿತ್ತು ನೀವು.”

“ಓಣಿಯಲ್ಲಿ ಎಲ್ಲರಿಗೂ ಕೇಳೋ ಹಾಗೆ ಹೇಗೆ ಹೇಳೋದು ಅಕ್ಕ?”

“ಅದೂ ಖರೇ.” ಅವರು ತೊಟ್ಟಿಯ ಅಂಚಿನ ಮೇಲೆ ಕೈಯಿಟ್ಟರು. “ಹಾಲು? ಹಾಲಿಗೂ ರೂಲ್ ಅದ ಏನು?”

ಅವನಿಗೆ ಟೈಫಾಯಿಡ್ ಆಗಿತ್ತು ಎಂದೆ. “ಅವನಿಗಿ ಆಗಿತ್ತು” ಎಂದರು ಅಕ್ಕ.

ಅಕ್ಕನ ಫೋನಿನಿಂದಲೇ ಆಕೆಗೆ ಕರೆ ಮಾಡಿದೆ. ಎಲ್ಲವನ್ನೂ ಹೇಳಿದೆ, ನಿಯಮ, ಜ್ವರ, ಓಣಿ. ಆಕೆ ಪೂರ್ತಿ ಕೇಳಿಸಿಕೊಂಡರು.

“ನಿಮ್ಮ ಮ್ಯಾಲ ಸಿಟ್ಟಿಲ್ಲ, ತಮ್ಮಾ. ನಮ್ಮ ಹೆಡ್ ಮಾಸ್ತರಿಗೂ ಶುಗರ್ ಖರೇನೇ ಅದ. ಮೊನ್ನಿ ರಿಪೋರ್ಟ್ ತೋರ್ಸಿದ್ರು.”

ಆಮೇಲೆ ಒಲೆಯ ಮೇಲೆ ಏನೋ ಇದೆ ಎಂದು ಫೋನ್ ಇಟ್ಟರು.

ಮರುದಿನ ಕ್ರಿಸ್‌ಮಸ್. ಹಾಲ್‌ನಲ್ಲಿ ಕಾಗದದ ನಕ್ಷತ್ರ, ಹದಿನೈದಿಪ್ಪತ್ತು ಜನ, ಕೇಕು. ಪರದೆಯ ಹಿಂದೆ ತೊಟ್ಟಿ ತುಂಬಿಯೇ ಇತ್ತು. ನಾವು ಹಾಡುತ್ತಿದ್ದಾಗ ನೀರು ಅಲುಗುವ ಸದ್ದು ಕೇಳಿತು ಎಂದು ಬರೆಯುವ ಆಸೆಯಾಗುತ್ತದೆ. ತೊಟ್ಟಿಯ ನೀರು ತಾನಾಗಿ ಅಲುಗುವುದಿಲ್ಲ. ಸೋಮವಾರ ಖಾಲಿ ಮಾಡಿದೆವು. ಸುದ್ದಿ ಹೇಗೆ ಹೋಯಿತೋ, ಅಕ್ಕಪಕ್ಕದವರು ಕೊಡ ಹಿಡಿದು ಬಂದು ಸಾಲಾಗಿ ನಿಂತರು. “ಮಂಗಳವಾರಾನೂ ತುಂಬಿಸ್ತೀರೇನ್ರಿ?” ಎಂದು ಒಬ್ಬರು ಕೇಳಿದರು.

ಕ್ರಿಸ್‌ಮಸ್ ಸಂಜೆ ಮನೆಗೆ ವಿಡಿಯೋ ಕಾಲ್ ಮಾಡಿದಾಗ ಅಮ್ಮ ಮೊದಲು ಕೇಳಿದ್ದು ಆಕೆಯ ಬಗ್ಗೆಯೇ. “ಆಯ್ತಾ?” ಎಂದರು. “ಹುಷಾರಿಲ್ವಂತೆ ಅಮ್ಮ” ಎಂದೆ. ನಿಜ ಹೇಳಿದ್ದು ಬಹಳ ತಿಂಗಳ ಮೇಲೆ, ಆಗಲೂ ಕೈ ಲೋಟದ ಕಡೆ ಹೋಯಿತು ಎಂಬ ಸುಳ್ಳನ್ನೋ ನಿಜವನ್ನೋ ಸೇರಿಸಿ.

ನಮ್ಮ ಮನೆಯವರು ಹುಟ್ಟಿನಿಂದ ಈ ಚರ್ಚಿನವರಲ್ಲ. ನಾನು ಹತ್ತು ವರ್ಷದವನಿದ್ದಾಗ ಅಪ್ಪ, ಅಮ್ಮ ಸೇರಿದರು. ಅಜ್ಜಿ ಸೇರಲಿಲ್ಲ, ಕೊನೆಯವರೆಗೂ ವಿಭೂತಿ ಬಿಡಲಿಲ್ಲ. ರಜೆಯಲ್ಲಿ ಹಳ್ಳಿಗೆ ಹೋದಾಗ, ತೋಟದ ಕೆಲಸದವರು ನೀರು ಕೇಳಿದರೆ ಅಜ್ಜಿ ಚೊಂಬು ಕೊಟ್ಟು ನನ್ನನ್ನೇ ಕಳಿಸುತ್ತಿದ್ದರು. ಅವರು ಬೊಗಸೆಯೊಡ್ಡಿ ಬಾಗುತ್ತಿದ್ದರು. ಎಷ್ಟು ಎತ್ತರದಿಂದ, ಎಷ್ಟು ಸಣ್ಣ ಧಾರೆಯಾಗಿ ಸುರಿದರೆ ತಾಗುವುದಿಲ್ಲ, ಚೆಲ್ಲುವುದೂ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅಜ್ಜಿ ಹೊಗಳುತ್ತಿದ್ದರು. ಇದನ್ನು ನಾನು ಎರಡು ವರ್ಷದ ಸೇವೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಜಾತಿ ಇಲ್ಲ ಅಕ್ಕ ಎಂದಾಗ ನೆನಪಿಗೂ ಬಂದಿರಲಿಲ್ಲ.

ಹೋದ ವರ್ಷ ಜೊತೆಗಾರನಿಗೆ ಫೋನ್ ಮಾಡಿ ಕೇಳಿದೆ. ಅವನಿಗೆ ಮದುವೆಯಾಗಿದೆ, ಚೆನ್ನಾಗಿದ್ದಾನೆ. “ಒಳಗೆ ಹೋಗಿದ್ವಲ್ಲ ಬ್ರದರ್” ಎಂದ. “ಫ್ಯಾನ್ ಕೆಳಗೆ ಕೂತು ಊಟ ಮಾಡಿದ್ವಿ. ನೀನು ಎರಡು ಸಲ ಹಾಕಿಸ್ಕೊಂಡೆ.” ಅದು ಬೇರೆ ಮನೆ ಎಂದೆ. ಅಲ್ಲ, ಅದೇ ಮನೆ ಎಂದು ವಾದಿಸಿದ. ಅವನ ನೆನಪು ಎಷ್ಟು ಸುಖವಾಗಿತ್ತೆಂದರೆ ಒಂದು ಕ್ಷಣ ಒಪ್ಪಿಬಿಡೋಣ ಎನಿಸಿತು.

ಯಾರ ನೆನಪು ಸರಿ ಎಂದು ಹೇಳಬಲ್ಲವರು ಆಕೆ ಒಬ್ಬರೇ. ಆ ಕ್ರಿಸ್‌ಮಸ್ ಕಳೆದ ಜನವರಿಯಲ್ಲಿ ನನ್ನ ಸೇವೆ ಮುಗಿಯಿತು. ಹೊರಡುವ ಮೊದಲು ಇನ್ನೊಮ್ಮೆ ಕಮಲಾಪುರಕ್ಕೆ ಹೋಗಬಹುದಿತ್ತು, ಹೋಗಲಿಲ್ಲ. ಈಗ ಆಕೆಯ ನಂಬರ್ ಬೇರೆ ಯಾರದೋ. ಅಕ್ಕ, ಭಾವ ಚರ್ಚಿಗೆ ಬರುವುದನ್ನು ನಿಲ್ಲಿಸಿದರು ಎಂದು ಕೇಳಿದ್ದೇನೆ, ಅದು ನಮ್ಮಿಂದಲೋ ಬೇರೆ ಕಾರಣಕ್ಕೋ ವಿಚಾರಿಸಿಲ್ಲ.

ಆ ದಿನ ಭಾವ ಬಂದಿದ್ದರೆ, ನಿಯಮ ಅಡ್ಡಬರದಿದ್ದರೆ, ನಾನು ಒಳಗೆ ಹೋಗಿ ಆ ಹಾಲು ಕುಡಿಯುತ್ತಿದ್ದೆನೇ? ಕುಡಿಯುತ್ತಿದ್ದೆ ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ. ನನಗೆ ಗೊತ್ತಿಲ್ಲ.