ಬಿರುಕು ಬಿಡದ ಜಾಯಿಂಟು

ನಮ್ಮ ಮನೆ ಓನರ್ ಅವರ ಕುತ್ತಿಗೆಯ ಕೆಳಗೆ, ಅಂಗಿಯ ಮೊದಲ ಗುಂಡಿ ಬಿಚ್ಚಿರುವ ಜಾಗದಲ್ಲಿ, ತ್ರಿಕೋನದ ಆಕಾರದ ಕಪ್ಪು ಕಲೆಯೊಂದಿತ್ತು. ವೆಲ್ಡಿಂಗ್ ಬೆಳಕು ಸುಟ್ಟು ಸುಟ್ಟು ಆದದ್ದು. ಎಂಬತ್ತರ ದಶಕದಲ್ಲಿ ಆರು ವರ್ಷ ಅವರು ಇರಾಕಿನಲ್ಲಿ ಎಣ್ಣೆ ಹರಿಯುವ ಪೈಪುಗಳನ್ನು ಬೆಸೆದಿದ್ದರು. ಆ ದುಡಿಮೆಯಲ್ಲೇ ಲಗ್ಗೆರೆಯಲ್ಲಿ ಸೈಟು ತೆಗೆದುಕೊಂಡು ಎರಡಂತಸ್ತಿನ ಮನೆ ಕಟ್ಟಿಸಿದ್ದರು. ಕೆಳಗೆ ಅವರು ಮತ್ತು ಅವರ ಹೆಂಡತಿ. ಮೇಲಿನ ಬಾಡಿಗೆ ಮನೆಯಲ್ಲಿ ದಾವಣಗೆರೆಯಿಂದ ಬಂದ ನಾವಿಬ್ಬರು: ಶಾಲೆಯ ಟೀಚರಾಗಿದ್ದ ನಾನು, ಪೀಣ್ಯದಲ್ಲಿ ವೆಲ್ಡರ್ ಆಗಿದ್ದ ನನ್ನ ತಮ್ಮ.

ಮನುಷ್ಯ ಮಾತಿಗೆ ಜಿಪುಣ. ಮನೆಯ ಪಕ್ಕದ ಶೆಡ್ಡಿನಲ್ಲಿ ಗೇಟು, ಗ್ರಿಲ್ಲು ಮಾಡಿಕೊಂಡಿದ್ದರು. ಯಾರಾದರೂ ವೆಲ್ಡಿಂಗ್ ಮಾಡುತ್ತಿದ್ದರೆ ಬೆನ್ನು ತಿರುಗಿಸಿ ನಿಂತು ಬರೀ ಸದ್ದು ಕೇಳುತ್ತಿದ್ದರು. "ಹಪ್ಪಳ ಕರಿಯೋ ಹಾಗೆ ಒಂದೇ ಸಮ ಸದ್ದು ಬರ್ಬೇಕು. ನಿಂತು ನಿಂತು ಬಂತು ಅಂದ್ರೆ ಕೈ ನಡುಗ್ತಿದೆ ಅಂತ ಲೆಕ್ಕ" ಎನ್ನುವರು. ನನ್ನ ತಮ್ಮ ಆ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡಿದ ಸದ್ದು ಕೇಳಿದ ಮೊದಲ ದಿನವೇ ನನ್ನನ್ನು ಕರೆದು, "ಟೀಚರಮ್ಮ, ನಿಮ್ ತಮ್ಮನದು ಒಳ್ಳೆ ಕೈ" ಎಂದಿದ್ದರು. ಅವರ ಬಾಯಿಂದ ಅಷ್ಟು ಬಂದರೆ ಅದೇ ಸರ್ಟಿಫಿಕೇಟು.

ಹೊರದೇಶಕ್ಕೆ ವೆಲ್ಡರುಗಳನ್ನು ಕಳಿಸುವ ಏಜೆಂಟರು ಪರೀಕ್ಷೆಗೆ ಹುಡುಗರನ್ನು ಇವರ ಹತ್ತಿರವೇ ಕರೆತರುತ್ತಿದ್ದರು. ಎರಡು ಕಬ್ಬಿಣದ ತಗಡು ಬೆಸೆಯಬೇಕು. ಅದರಿಂದ ಒಂದು ಪಟ್ಟಿ ಕತ್ತರಿಸಿ, ಬಿಗಿಹಿಡಿಯುವ ವೈಸಿಗೆ ಸಿಕ್ಕಿಸಿ, ಸುತ್ತಿಗೆಯಿಂದ ಬಡಿದು ಬಗ್ಗಿಸುತ್ತಿದ್ದರು. ಬೆಸುಗೆ ಬಿರುಕು ಬಿಟ್ಟರೆ ಫೇಲು. ಪಾಸಾಗಲಿ ಫೇಲಾಗಲಿ, ಆ ಬಗ್ಗಿದ ಪಟ್ಟಿಯನ್ನು ಮಾಡಿದವನ ಕೈಗೇ ಕೊಡುವುದು ಅವರ ಪದ್ಧತಿ. ತನ್ನ ತಪ್ಪು ತಾನೇ ನೋಡಿಕೊಳ್ಳಲಿ ಅಂತ. ಏಜೆಂಟರು ಎಷ್ಟು ಬೆಣ್ಣೆ ಹಚ್ಚಿದರೂ ಒಂದು ಕೆಟ್ಟ ಜಾಯಿಂಟನ್ನು ಅವರು ಪಾಸು ಮಾಡಿದ್ದಿಲ್ಲ.

ಎರಡು ಸಾವಿರದ ಮೂರರಲ್ಲಿ ಅಮೆರಿಕದವರು ಇರಾಕಿನ ಮೇಲೆ ಬಿದ್ದಾಗ ಓನರ್ ಶೆಡ್ಡಿಗೆ ಬೀಗ ಹಾಕಿ ಟಿವಿ ಮುಂದೆ ಕೂತರು. ಅಲ್ಲಿ ಅವರಿಗೆ ಒಬ್ಬ ಫೋರ್‌ಮನ್ ಇದ್ದನಂತೆ, ಇರಾಕಿನವನೇ, ಸ್ವಲ್ಪ ಕುಂಟುವವನು. ಇವರು ಕಾಮಾಲೆಯಾಗಿ ಬಿದ್ದಾಗ ತನ್ನ ಮನೆಗೆ ಕರೆದುಕೊಂಡು ಹೋಗಿ ತಿಂಗಳುಗಟ್ಟಲೆ ಅನ್ನ ಹಾಕಿದವನು. ಅವನಿಗೆ ನನ್ನ ಕೈಯಲ್ಲಿ ಇಂಗ್ಲಿಷಿನಲ್ಲಿ ಕಾಗದ ಬರೆಸಿದರು. ಬದುಕಿದ್ದೀಯಾ, ಇಷ್ಟೇ ವಿಷಯ. ಪೋಸ್ಟ್ ಆಫೀಸಿಗೆ ನಾನೂ ಜೊತೆಗೆ ಹೋದೆ; ಕೌಂಟರಿನಲ್ಲಿ, ಆ ದೇಶಕ್ಕೆ ಟಪಾಲು ಹೋಗುತ್ತಿಲ್ಲ ಎಂದು ಕಾಗದ ವಾಪಸು ಕೊಟ್ಟರು. ಅವರು ಅದನ್ನು ಜೇಬಿನಲ್ಲಿಟ್ಟುಕೊಂಡು, ದಾರಿಯಲ್ಲಿ ಮೊಪೆಡ್ಡಿಗೆ ಪೆಟ್ರೋಲ್ ಹಾಕಿಸಲು ನಿಂತರು. ಬಂಕಿನಲ್ಲಿ ಉದ್ದ ಸಾಲಿತ್ತು. "ನೋಡಿ, ಎಲ್ರಿಗೂ ಬೇಕು ಇದು. ನನಗೂ ಬೇಕು. ಯಾರ್ನ ಬೈಯೋದು ಹೇಳಿ" ಎಂದರು. 

ಮಾರನೇ ವರ್ಷ ಒಬ್ಬ ಏಜೆಂಟ್ ಏಳು ಜನರನ್ನು ಕರೆತಂದ. ಕುವೈತಿನಲ್ಲಿ ಕೆಲಸ, ಸಂಬಳ ಮಾಮೂಲಿಗಿಂತ ಎರಡು ಪಟ್ಟು. ಏಳರಲ್ಲಿ ನನ್ನ ತಮ್ಮನೂ ಒಬ್ಬ. ಸಂಜೆಗೆ ಏಳೂ ಜನ ಫೇಲು. ತಮ್ಮ ಮೆಟ್ಟಿಲು ಹತ್ತಿ ಬಂದು ಬಗ್ಗಿದ ಪಟ್ಟಿಯನ್ನು ನನ್ನ ಮುಂದೆ ಹಿಡಿದ.

"ಎಲ್ಲಿ ಬಿರುಕೈತಿ ತೋರ್ಸು ಅಕ್ಕ."

ಬಿರುಕು ಇರಲಿಲ್ಲ. ಪಟ್ಟಿ ಹಿಡಿದುಕೊಂಡೇ ಕೆಳಗಿಳಿದೆ. ಓನರ್ ತಲೆ ಎತ್ತದೆಯೇ ಹೇಳಿದರು.

"ಜಾಯಿಂಟ್ ಚೆನ್ನಾಗೇ ಇದೆ ಟೀಚರಮ್ಮ. ಕುವೈತಲ್ಲಿ ವೆಲ್ಡರ್‌ಗೆ ಇಷ್ಟು ಸಂಬಳ ಯಾರೂ ಕೊಡಲ್ಲ. ಇದು ಗಡಿ ದಾಟ್ಸಿ ಇರಾಕಿಗೆ ಕಳ್ಸೋ ಕೆಲ್ಸ. ಆ ಜನರ ಪೈಪನ್ನ ಅವರ ನೆಲ ಹಿಡ್ಕೊಂಡಿರೋ ಅಮೆರಿಕದವರಿಗೋಸ್ಕರ ರಿಪೇರಿ ಮಾಡ್ಬೇಕು. ಆ ಜನ ಸುಮ್ನೆ ಬಿಡ್ತಾರಾ?"

ನನ್ನ ಸಿಟ್ಟು ನೆತ್ತಿಗೇರಿತ್ತು. "ನಿಮಗೆ ಆ ಎಣ್ಣೆ ದುಡ್ಡಲ್ಲಿ ಮನೆ ಆಯ್ತು. ಬಡವರ ಮಕ್ಕಳಿಗೆ ಆಗಬಾರದು ಅಲ್ವಾ ಅಂಕಲ್?" ಎಂದುಬಿಟ್ಟೆ.

ಅವರು ನನ್ನನ್ನೇ ನೋಡಿದರು. "ಹೌದಮ್ಮ, ನನಗಾಯ್ತು" ಎಂದರು, ಅಷ್ಟೇ.

ಮಹಾಲಕ್ಷ್ಮಿ ಲೇಔಟಿನಲ್ಲಿ ಇನ್ನೊಬ್ಬ ಏಜೆಂಟ್ ಇದ್ದಾನೆಂದು ಶಾಲೆಯಲ್ಲಿ ಯಾರೋ ಹೇಳಿದ್ದರು. ಮರುದಿನ ರಜೆ ಹಾಕಿ ತಮ್ಮನನ್ನು ನಾನೇ ಕರೆದುಕೊಂಡು ಹೋದೆ. ಅಲ್ಲಿ ಪರೀಕ್ಷೆಯೂ ಇರಲಿಲ್ಲ; ತಮ್ಮ ಕುವೈತಿಗೆ ಹೊರಟೇಬಿಟ್ಟ.

ಹನ್ನೊಂದು ತಿಂಗಳಾದ ಮೇಲೆ ವಾಪಸು ಬಂದ. ಎಡಗಿವಿ ಕೇಳುತ್ತಲೇ ಇರಲಿಲ್ಲ. ಓನರ್ ಮೇಲೆ ಬಂದು ಅವನ ಎದುರು ಕೂತರು.

"ಕುವೈತಲ್ಲಿ ನಾಕೇ ದಿನ ಅಂಕಲ್. ಪಾಸ್‌ಪೋರ್ಟ್ ಕಸ್ಕೊಂಡು ಬಸ್ಸಲ್ಲಿ ಆಚೆ ಕಡೆ ಸಾಗ್ಸಿದ್ರು. ದಿನಾ ನಮ್ ಬಸ್ಸಿಗೆ ಕಲ್ಲು ಹೊಡಿಯೋರು. ಒಂದಿನ ಬಾಂಬ್ ಇಟ್ರು."

"ಯಾವೂರು?"

ತಮ್ಮ ಹೆಸರು ಹೇಳಿದ. ಫೋರ್‌ಮನ್‌ಗೆ ಬರೆದ ಆ ಕಾಗದದ ಮೇಲೆ ನಾನು ವಿಳಾಸದಲ್ಲಿ ಬರೆದಿದ್ದ ಊರು ಅದೇ.

"ಕಲ್ಲು ಹೊಡೆಯೋರು ಯಾರು? ಹುಡುಗ್ರಾ?"

"ಎಲ್ಲಾರೂ. ಒಬ್ಬ ಮುದುಕ ಇದ್ದ, ನಿಮ್ ವಯಸ್ಸಿನೋನು. ಗೇಟ್ ಹತ್ರ ನಿಂತು ದಿನಾ ನಮ್ ಕಡೆ ಉಗಿಯೋನು."

"ಸ್ವಲ್ಪ ಕುಂಟ್ತಿದ್ನಾ?"

"ಗೊತ್ತಿಲ್ಲ ಅಂಕಲ್. ನಾವು ತಲಿ ಬಗ್ಗಿಸ್ಕೊಂಡು ಕುಂತಿರ್ತಿದ್ವಿ."

ಓನರ್ ತಮ್ಮನ ತಲೆಯ ಮೇಲೆ ಕೈಯಿಟ್ಟು ಎದ್ದರು. ಮೆಟ್ಟಿಲವರೆಗೂ ಹಿಂದೆ ಹೋದೆ. ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಅವರೇ ಮೊದಲು ಮಾತಾಡಿದರು.

"ಆ ಪಟ್ಟಿ ಅವನ ಕೈಗೆ ಕೊಡ್ಬಾರ್ದಿತ್ತು ಟೀಚರಮ್ಮ. ಬಿರುಕಿಲ್ಲ ಅಂತ ನೋಡೇ ಅವನು ಬೇರೆ ಕಡೆ ಹೋದ. ಸುಳ್ಳು ಹೇಳಿ ಅಭ್ಯಾಸ ಇರ್ಲಿಲ್ಲ, ಮರ್ತೆ. ನಂದೇ ತಪ್ಪು."

ಮುಂದಿನ ವರ್ಷ ಶ್ವಾಸಕೋಶದ ಕಾಯಿಲೆಯಲ್ಲಿ ಅವರು ತೀರಿಕೊಂಡರು. ಕೊನೆಯವರೆಗೂ ಅದು ತಮ್ಮದೇ ತಪ್ಪು ಎಂದುಕೊಂಡಿದ್ದರು ಅಂತ ಅವರ ಹೆಂಡತಿ ಹೇಳಿದರು. ಮಹಾಲಕ್ಷ್ಮಿ ಲೇಔಟಿನ ಏಜೆಂಟನ ಬಾಗಿಲು ತಟ್ಟಿದ್ದು ನಾನು ಎಂದು ಓನರ್‌ಗೆ ಹೇಳಿರಲೇ ಇಲ್ಲ.