ಮೆಟ್ಟಿಲಿಲ್ಲದ ಕೊಪ್ಪಳ

ಕೊಪ್ಪಳದಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದರೆ ಎಲ್ಲರೂ ಮೊದಲು ಗುಡ್ಡಗಳನ್ನೇ ಹೇಳುತ್ತಾರೆ. ಊರ ಮೇಲಿನ ಕೋಟೆ, ಗವಿಮಠದ ಬಂಡೆ, ಗಂಗಾವತಿಯ ಆಚೆ ಅಂಜನಾದ್ರಿ, ಹಿರೇಬೆಣಕಲ್ಲಿನ ನೆತ್ತಿಯ ಮೇಲಿನ ಕಲ್ಲುಮನೆಗಳು. ನಮ್ಮ ಸೀಮೆಯ ಹಿಂದಿನವರು ಏನು ಕಟ್ಟಿದರೂ ಎತ್ತರ ಹುಡುಕಿಕೊಂಡು ಹೋಗಿ ಕಟ್ಟಿದ್ದಾರೆ. ನಾನು ಮಾತ್ರ ಇವುಗಳಲ್ಲಿ ಒಂದನ್ನೂ ಹೇಳುತ್ತಿರಲಿಲ್ಲ. ನನ್ನ ಪಟ್ಟಿ ಬೇರೆ: ಇಟಗಿ, ಕಿನ್ನಾಳ, ಮುನಿರಾಬಾದಿನ ಡ್ಯಾಮು, ಹುಲಿಗಿ. ಎಲ್ಲ ಸಮತಟ್ಟು ಜಾಗಗಳು.

ಈ ಪಟ್ಟಿ ಕೂಡಿಸಲು ನನಗೆ ಆರು ವರ್ಷ ಹಿಡಿಯಿತು. ನನಗೆ ಒಬ್ಬಳೇ ಮಗಳು. ಹುಟ್ಟುವಾಗಲೇ ಅವಳ ಎಡ ಸೊಂಟದ ಕೀಲು ಸರಿ ಇರಲಿಲ್ಲ; ಅವಳು ಗೋಡೆ ಹಿಡಿದು ನಡೆಯಲು ಕಲಿತಾಗಲೇ ನಮಗೆ ತಿಳಿದದ್ದು. ಹುಬ್ಬಳ್ಳಿಗೆ ಒಯ್ದೆವು, ಕಾಲಿಗೆ ಪಟ್ಟಿ ಹಾಕಿಸಿದೆವು, ಎರಡು ಸಲ ಡಾಕ್ಟರ ಕೈಲಿ ಕೊಯ್ಸಿದೆವು. ಎಡಗಾಲು ಎರಡು ಬೆರಳಿನಷ್ಟು ಗಿಡ್ಡ ಉಳಿಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವರೊಬ್ಬರಿದ್ದಾರೆ. ಯಾವ ಚಪ್ಪಲಿ ಕೊಂಡರೂ ಅದರ ಎಡಗಾಲಿಗೆ ಒಂದು ಪದರ ಹೆಚ್ಚಿಗೆ ಹಾಕಿ, ನೋಡಿದರೆ ಗೊತ್ತಾಗದಂತೆ ಅಂಚು ಕಪ್ಪು ಮಾಡಿ ಕೊಡುತ್ತಾರೆ. ಅದನ್ನು ಮೆಟ್ಟಿ ಸಪಾಟು ನೆಲದ ಮೇಲೆ ನಡೆದರೆ, ಅವಸರದಲ್ಲಿದ್ದಾಳೆ ಎಂದು ಅನ್ನಿಸುತ್ತದೆ, ಅಷ್ಟೆ. ಮೆಟ್ಟಿಲು ಬಂದರೆ ಮಾತ್ರ ಮುಚ್ಚಿಡಲು ಆಗುವುದಿಲ್ಲ.

ಅವಳು ಎಂ.ಎಸ್ಸಿ., ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ಗಣಿತ ಹೇಳಲು ಸೇರಿದ ವರ್ಷ ಮೊದಲ ಸಲ ಅವಳನ್ನು ನೋಡಲು ಬಂದರು. ಕಾರಟಗಿಯ ಕಡೆಯವರು, ಅಕ್ಕಿ ವ್ಯಾಪಾರದ ಮನೆತನ. ಮಂಡಾಳು ಒಗ್ಗರಣೆ, ಮಿರ್ಚಿ, ಚಹಾ ಎಲ್ಲ ಆಯಿತು. ಆಮೇಲೆ ಅವರಲ್ಲಿ ಹಿರಿಯರೊಬ್ಬರು, "ಒಂದು ಗ್ಲಾಸ್ ನೀರು ತಗೊಂಡ್ ಬಾರವ್ವಾ" ಅಂದರು. ಇದು ನಮ್ಮ ಕಡೆಯ ವಾಡಿಕೆ. ಅವರ ಮುಂದೆ ತಂಬಿಗೆ ತುಂಬ ನೀರಿರುತ್ತದೆ. ಯಾರಿಗೂ ಬಾಯಾರಿರುವುದಿಲ್ಲ. ಹುಡುಗಿ ಎದ್ದು ಅಡುಗೆಮನೆತನಕ ಹೋಗಿ ತಿರುಗಿ ಬರುವುದನ್ನು ನೋಡಬೇಕಾಗಿರುತ್ತದೆ. ಮನೆಯೊಳಗೆ ಬರಿಗಾಲು. ಅವಳು ಎದ್ದಳು, ಹೋದಳು, ತುಂಬಿದ ಗ್ಲಾಸಿನಿಂದ ಒಂದು ಹನಿ ಚೆಲ್ಲದಂತೆ ತಂದಳು. ಹಿರಿಯರು ಗ್ಲಾಸು ತೆಗೆದುಕೊಂಡು ಕುಡಿಯದೆ ಕೆಳಗಿಟ್ಟರು. "ಮನ್ಯಾಗ ಕೇಳಿ ಫೋನ್ ಮಾಡ್ತೀವ್ರಿ" ಎಂದು ಎದ್ದರು.

ಅವತ್ತೇ ನಾನು ನಿಶ್ಚಯಿಸಿದೆ, ಇನ್ನು ಈ ಮನೆಯಲ್ಲಿ ಯಾರಿಗೂ ನೀರು ಕೊಡುವ ಪ್ರಸಂಗ ಬರಬಾರದು. ಕಾಲಿನ ಸಂಗತಿ ಪೂರಾ ಮುಚ್ಚಬೇಕೆಂದಲ್ಲ. ಮೊದಲು ಅವಳ ಮುಖ ನೋಡಲಿ, ಮಾತು ಕೇಳಲಿ, ನಗುವುದನ್ನು ನೋಡಲಿ, ಕಾಲು ಆಮೇಲೆ ಇದ್ದೇ ಇದೆ ಎಂದು ನನ್ನ ಲೆಕ್ಕ. ಸಂಬಂಧ ತರುತ್ತಿದ್ದವರು ಯಲಬುರ್ಗಾದಲ್ಲಿರುವ ನನ್ನ ಯಜಮಾನರ ಸೋದರಮಾವ. ಅವರಿಗೆ ಹೇಳಿದೆ: "ಮಾವಾ, ಕಾಲಿಂದು ಭಾಳ ದೊಡ್ಡದು ಮಾಡಿ ಹೇಳಬ್ಯಾಡ್ರಿ. ಸ್ವಲ್ಪ ಎಳಿತಾಳ ಅನ್ರಿ. ನಮ್ಮ ಮನಿ ಸಣ್ಣದೈತಿ, ಹೊರಗ ಭೆಟ್ಟಿ ಆಗೂಣಂತ, ಊರೂ ನೋಡಿದಂಗ ಆಗ್ತೈತಿ ಅನ್ರಿ." ಅವರು ಹ್ಞೂಂ ಅಂದರು.

ಹಾಗೆ ನಾನು ಕೊಪ್ಪಳ ತೋರಿಸುವವಳಾದೆ. ಇಟಗಿಗೆ ಬೆಳಿಗ್ಗೆ ಹತ್ತರೊಳಗೆ ಮುಟ್ಟಬೇಕು. ಬಿಸಿಲೇರಿದರೆ ಅಂಗಳದ ಹಾಸುಗಲ್ಲು ಅಂಗಾಲು ಸುಡುತ್ತದೆ. ಅಲ್ಲಿ ಊಟಕ್ಕೆ ಏನೂ ಸಿಗುವುದಿಲ್ಲ. ಖಡಕ್ ರೊಟ್ಟಿ, ಎಣ್ಣೆಗಾಯಿ, ಮೊಸರನ್ನ ಕಟ್ಟಿಕೊಂಡೇ ಹೋಗಬೇಕು. ಕಾರಿನಿಂದ ಇಳಿದ ಕೂಡಲೇ ನಾನು ಬಂದವರಿಗೆ, "ಮೊದಲ ಹೊಂಡ ನೋಡ್ಕೊಂಡು ಬರ್ರಿ, ಆಮ್ಯಾಲ ಗುಡಿ" ಎನ್ನುತ್ತಿದ್ದೆ. ನನ್ನ ಯಜಮಾನರು ಅವರನ್ನು ಪುಷ್ಕರಣಿಯ ಕಡೆಗೆ ಕರೆದೊಯ್ಯುತ್ತಿದ್ದರು. ಅಷ್ಟರಲ್ಲಿ ನಾನು ಮಗಳ ಕೈ ಹಿಡಿದು ಗುಡಿಗಿರುವ ಕೆಲವೇ ಮೆಟ್ಟಿಲು ದಾಟಿಸಿ, ಮಂಟಪದಲ್ಲಿ ಬೆಳಕು ಓರೆಯಾಗಿ ಬೀಳುವ ಕಡೆ, ಮುಖ ಕಾಣುವಷ್ಟು ನುಣುಪಾದ ಒಂದು ಕಂಬದ ಬುಡದಲ್ಲಿ ಕೂಡಿಸಿಬಿಡುತ್ತಿದ್ದೆ. ಅವರು ಒಳಗೆ ಬರುವಾಗ ಅವಳು ಕುಳಿತಿರುತ್ತಿದ್ದಳು. ಆ ಕಪ್ಪು ಕಲ್ಲಿಗೆ ಒರಗಿ ಕುಳಿತ ನನ್ನ ಮಗಳನ್ನು ನೋಡಿದರೆ ನನಗೇ ಕಣ್ಣು ತುಂಬುತ್ತಿತ್ತು.

ಕಿನ್ನಾಳದಲ್ಲಿ ಚಿತ್ರಗಾರರ ಓಣಿ ಸಪಾಟಾಗಿದೆ. ಹಗುರ ಮರದಲ್ಲಿ ಬೊಂಬೆ ಕೆತ್ತಿ, ಹುಣಸೆ ಬೀಜದ ಅಂಟು ಬಳಿದು, ಬಣ್ಣ ಕೊಡುವುದನ್ನು ಹೊಸ್ತಿಲ ಹೊರಗೆ ಕುಳಿತೇ ನೋಡಬಹುದು. ಡ್ಯಾಮಿನ ತೋಟದಲ್ಲಿ ಬೆಂಚುಗಳಿವೆ. ಹುಲಿಗಿಯ ದೇವಿಗುಡಿಗೆ ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಹೋದರೆ ತುಳಿದಾಟವಿಲ್ಲ. ಎಲ್ಲಿ ಚಪ್ಪಲಿ ಬಿಡಬೇಕು, ಎಲ್ಲಿ ಬಿಡಬೇಕಾಗಿಲ್ಲ ಎಂಬುದು ನನಗೆ ಬಾಯಿಪಾಠವಾಗಿತ್ತು.

ಆರು ಕಡೆಯವರು ಬಂದು ಹೋದರು. ಎಲ್ಲರೂ ಇಟಗಿಯನ್ನು ಮೆಚ್ಚಿದರು. ಎಲ್ಲರೂ ಫೋನು ಮಾಡುತ್ತೇವೆ ಅಂದರು. ಮಗಳಿಗೆ ನನ್ನ ಏರ್ಪಾಡೆಲ್ಲ ಗೊತ್ತಿತ್ತು. ಒಮ್ಮೆ ಊಟದ ಡಬ್ಬಿ ತೊಳೆಯುತ್ತ ಅಂದಳು: "ಯವ್ವಾ, ನಂದು ಬಿಡು, ಆ ಇಟಗಿ ಗುಡಿದು ಲಗ್ನಾ ಮಾಡಿಬಿಡು. ಅದನ್ನ ಎಲ್ಲಾರೂ ಪಾಸ್ ಮಾಡ್ಯಾರ." ಅವಳ ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಆಗ ಅವಳಿಗೆ ಮೂವತ್ತು ತುಂಬಿತ್ತು.

ಏಳನೆಯವರು ಕುಷ್ಟಗಿಯವರು. ಹುಡುಗನೂ ಮಾಸ್ತರನೇ. ತಾಯಿ ಇಲ್ಲ, ಸಾಕಿದ್ದು ಅವನ ಸೋದರತ್ತೆ. ಅವರಿಬ್ಬರೇ ಬಂದರು. ಅತ್ತೆ ದಪ್ಪನೆಯ, ನಗುಮುಖದ ಹೆಂಗಸು, ಕಾರಿನಿಂದ ಇಳಿಯುವಾಗಲೇ ಮಾತು ಸುರು: "ನಮ್ಮ ಹುಡುಗ ದಾರಿ ತುಂಬ ಒಂದು ಮಾತಾಡಿಲ್ರಿ ಅಕ್ಕಾರ. ಸಾಲ್ಯಾಗ ಹುಡುಗ್ರಿಗೆ ಹೆಂಗ್ ಹೇಳ್ತಾನೋ, ಸನ್ನಿ ಮಾಡ್ತಾನೋ ಏನೋ!" ಇಟಗಿಯ ಮಂಟಪದಲ್ಲಿ ಮಗಳ ಪಕ್ಕ ಕುಳಿತು ರೊಟ್ಟಿ ಮುರಿಯುತ್ತ ಅವಳ ಗಲ್ಲ ಹಿಡಿದು ನೋಡಿದರು. ಹುಡುಗ ಬಾಯಿ ಬಿಟ್ಟ. ಎಂಟನೆಯ ತರಗತಿಯವರಿಗೆ ಋಣ ಸಂಖ್ಯೆ ಗುಣಿಸುವುದನ್ನು ಹೇಗೆ ತಿಳಿಸುತ್ತೀರಿ ಎಂದು ಕೇಳಿದ. ಇವಳು ಬೆರಳಿನಿಂದ ನೆಲದ ಧೂಳಿನಲ್ಲಿ ಗೆರೆ ಎಳೆದು ತೋರಿಸಿದಳು. ಅವನು ಬಗ್ಗಿ ನೋಡಿದ. ಇಬ್ಬರೂ ಊಟ ಮರೆತರು. ನಾನು ಮೊಸರನ್ನದ ಡಬ್ಬಿ ಹಿಡಿದುಕೊಂಡು ಹಾಗೇ ಕುಳಿತಿದ್ದೆ. ಆರು ವರ್ಷದಲ್ಲಿ ಅಂಥ ಗಳಿಗೆ ಬಂದಿರಲಿಲ್ಲ.

ತಿರುಗಿ ಕೊಪ್ಪಳಕ್ಕೆ ಬಂದಾಗ ಬಿಸಿಲು ಇಳಿದಿತ್ತು. ಗವಿಮಠದ ಕೆರೆಯ ಹತ್ತಿರ ಕಾರು ನಿಲ್ಲಿಸಿದೆವು. ನಾನು ದಂಡೆಯಿಂದಲೇ, ಬಂಡೆಯ ಮೇಲೆ ನಾವು ಅಜ್ಜ ಎನ್ನುವ ಮಠದ ಸ್ವಾಮಿಯ ಗದ್ದುಗೆಯ ಕಡೆಗೆ ಕೈ ಮುಗಿದು, "ಇಲ್ಲಿಂದ ನಮಸ್ಕಾರ ಮಾಡಿಬಿಡ್ರಿ, ನಿಮಗ ಹೊತ್ತಾಗ್ತೈತಿ" ಅಂದೆ.

ಅತ್ತೆ ಸೆರಗು ಸಿಕ್ಕಿಸಿಕೊಂಡರು. "ಕೆಳಗಿಂದ ಕೈ ಮುಗದ್ರ ಮ್ಯಾಲಿನ ಅಜ್ಜಗ ಕಾಣತೈತೇನ್ರಿ? ಇಲ್ಲೀತನಕ ಬಂದು ಹತ್ತದ ಹೋಗೂದಂದ್ರ!"

"ನಿಮ್ಮ ಮಣಕಾಲಿಗೆ ತ್ರಾಸ ಆಗ್ತೈತ್ರಿ."

"ನಂದು ಮಣಕಾಲು ಕುಷ್ಟಗ್ಯಾಗೂ ನೋಯತೈತಿ, ಇಲ್ಲೂ ನೋಯತೈತಿ."

ನನಗೆ ಇನ್ನೇನೂ ಹೊಳೆಯಲಿಲ್ಲ. "ಈ ಹೊತ್ತಿನಾಗ ಮ್ಯಾಲ ಬಾಗಲಾ ಹಾಕಿರತಾರ್ರಿ ಅಕ್ಕಾರ. ಹತ್ತಿದ್ದೆಲ್ಲಾ ಸುಮ್ನ ಆಗ್ತೈತಿ" ಅಂದುಬಿಟ್ಟೆ.

ಬಾಗಿಲು ಹಾಕಿರುವುದಿಲ್ಲವೆಂದು ಕೊಪ್ಪಳದಲ್ಲಿ ಚಿಕ್ಕ ಕೂಸಿಗೂ ಗೊತ್ತು. ನನ್ನ ಯಜಮಾನರು ಕೆರೆಯ ನೀರು ನೋಡತೊಡಗಿದರು. ಮಗಳು ನನ್ನ ಮುಖ ನೋಡಿದಳು. ಅದರಲ್ಲಿ ಸಿಟ್ಟು ಇರಲಿಲ್ಲ. "ಹಾಕಿರಂಗಿಲ್ಲ ಬರ್ರಿ ಅತ್ತಿ, ನಾ ಕರಕೊಂಡು ಹೋಗ್ತೀನಿ" ಎಂದು ಬಗ್ಗಿ ಚಪ್ಪಲಿ ಬಿಚ್ಚಿದಳು. ಎಡಗಾಲಿನದು ಬಲಗಾಲಿನದಕ್ಕಿಂತ ಎತ್ತರವಾಗಿ ಅಲ್ಲೇ ನಿಂತಿತು.

ಅವಳು ಮೆಟ್ಟಿಲು ಹತ್ತುವ ರೀತಿ ಹೀಗೆ: ಬಲಗಾಲು ಮೊದಲು ಇಡುತ್ತಾಳೆ, ಸೊಂಟ ಓರೆ ಮಾಡಿ ಎಡಗಾಲನ್ನು ಎಳೆದು ಅದೇ ಮೆಟ್ಟಿಲಿಗೆ ತರುತ್ತಾಳೆ, ನಿಲ್ಲುತ್ತಾಳೆ. ಮತ್ತೆ ಬಲಗಾಲು. ನಾನು ಹಿಂದಿನಿಂದ ನೋಡುತ್ತ ಹತ್ತಿದೆ. ಹುಡುಗ ಅವಳ ಒಂದು ಮೆಟ್ಟಿಲು ಹಿಂದೆ, ಅವಳ ವೇಗಕ್ಕೆ ತಕ್ಕಂತೆ ಹತ್ತುತ್ತಿದ್ದ. ಅತ್ತೆ ಏದುಸಿರು ಬಿಡುತ್ತ, "ತಡಿಯವ್ವಾ, ನೀನ ನನಗಿಂತ ಲಗೂ ಅದೀ" ಅಂದರು. ಮಗಳು ತಿರುಗಿ ನಕ್ಕು ಕೈ ಚಾಚಿದಳು. ಅವರಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಹತ್ತಿದರು.

ಬಾಗಿಲು ತೆರೆದಿತ್ತು. ಒಳಗೆ ಹೋಗಿ, ವಿಭೂತಿ ಹಚ್ಚಿಕೊಂಡು ಹೊರಗೆ ಬಂದೆವು. ಮೇಲಿನಿಂದ ಊರು, ಕೆರೆ, ರೈಲು ಹಳಿ ಎಲ್ಲ ಕಾಣುತ್ತವೆ. ಮಗಳು ಹುಡುಗನಿಗೆ ತನ್ನ ಶಾಲೆ ಎಲ್ಲಿದೆ ಎಂದು ಬೆರಳು ಮಾಡಿ ತೋರಿಸುತ್ತಿದ್ದಳು. ಗಾಳಿಗೆ ಅವಳ ಸೆರಗು ಹಾರುತ್ತಿತ್ತು. ಕೂತಾಗಷ್ಟೇ ಅಲ್ಲ, ನಿಂತಾಗಲೂ ಅವಳು ಚೆಂದ ಕಾಣುತ್ತಾಳೆಂದು ನನಗೆ ಆಗ ಅನ್ನಿಸಿತು. ಅತ್ತೆ ಮಾತ್ರ ಮೇಲೆ ಬಂದಾಗಿನಿಂದ ಸುಮ್ಮನಾಗಿದ್ದರು. ತೆರೆದ ಬಾಗಿಲನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಕಾರು ಹತ್ತುವಾಗ ನನ್ನ ಕೈ ಹಿಡಿದು, "ಹುಡುಗಿ ಬಂಗಾರ ಅದಾಳ ಬಿಡ್ರಿ. ಫೋನ್ ಮಾಡ್ತೀವಿ" ಅಂದರು.

ಹನ್ನೊಂದು ದಿನ ಕಾದೆವು. ಹನ್ನೆರಡನೆಯ ದಿನ ನಾನೇ ಯಲಬುರ್ಗಾಕ್ಕೆ ಮಾವನಿಗೆ ಫೋನು ಹಚ್ಚಿದೆ. ಮಗಳು ಶಾಲೆಗೆ ಹೋಗಿದ್ದಳು.

"ಆಗಂಗಿಲ್ಲ ಅಂದಾರವ್ವಾ" ಅಂದರು ಮಾವ.

"ಕಾಲಿಂದೇನ್ರಿ?"

"ಕಾಲಿಂದಲ್ಲ. ಅದನ್ನ ನಾ ಮೊದಲ ಎಲ್ಲಾ ಬಿಚ್ಚಿ ಹೇಳಿದ್ದೆ. ಎರಡು ಸಲ ಕೊಯ್ಸಿದ್ದೂ ಹೇಳಿದ್ದೆ. ಹುಡುಗನ ಅತ್ತೀ ಸ್ವಂತ ತಂಗೀನೂ ಕುಂಟತಿದ್ಲಂತ. ಹುಡುಗಗ ಭಾಳ ಮನಸ್ಸಿತ್ತು."

"ಮತ್ತ?"

ಮಾವ ಸ್ವಲ್ಪ ಹೊತ್ತು ಕೆಮ್ಮಿದರು. "ಬಾಗಲಾ ಹಾಕಿರತಾರ ಅಂದ್ಯಂತಲ್ಲ ನೀನು. ಹತ್ತಿ ನೋಡಿದ್ರ ತೆರದಿತ್ತಂತ. ಮಗಳ ಕಾಲು ಮುಚ್ಚಾಕ ಅಜ್ಜನ ಬಾಗಲಾ ಹಾಕಿದಾಕಿ, ಇನ್ನ ಏನೇನು ಮುಚ್ಚಿಟ್ಟಾಳೋ ಅಂತ ಆಕಿ ಹೆದರ್ಯಾಳ. ನಾ ಭಾಳ ಹೇಳಿದೆ. ಒಪ್ಪಲಿಲ್ಲ."

ಹೊಸ್ತಿಲ ಮೇಲೆ ಕುಳಿತೆ. "ಮೊದಲಿನವರಿಗೂ ಎಲ್ಲಾ ಹೇಳಿದ್ರೇನ್ರಿ ಮಾವಾ?"

"ಎಲ್ಲಾರಿಗೂ ಹೇಳೀನವ್ವಾ. ಮುಚ್ಚಿ ಲಗ್ನ ಮಾಡಿಸಿದ್ರ ನನ್ನ ಮಾರಿ ಉಳಿತೈತೇನು?"

ಹಾಗಾದರೆ ಆ ಎಲ್ಲರೂ ಗೊತ್ತಿದ್ದೇ ಬಂದಿದ್ದರು. ಗೊತ್ತಿದ್ದೇ ಹೊಂಡ ನೋಡಲು ಹೋಗಿದ್ದರು. ತಿರುಗಿ ಬಂದು, ನಾನು ಕಂಬಕ್ಕೆ ಆನಿಸಿ ಕೂಡಿಸಿದ ಮಗಳನ್ನು, ಅವಳ ಮುಂದೆ ಡಬ್ಬಿ ಹರವಿಕೊಂಡು ಕಾವಲು ಕುಳಿತ ನನ್ನನ್ನು ನೋಡಿದ್ದರು. ಅವರಲ್ಲಿ ಎಷ್ಟು ಜನ ಕಾಲಿನ ಕಾರಣಕ್ಕೆ ಬೇಡವೆಂದರೋ, ಎಷ್ಟು ಜನ ನನ್ನ ಕಾರಣಕ್ಕೆ ಬೇಡವೆಂದರೋ, ಈಗ ಯಾರನ್ನು ಕೇಳಲಿ?

ಸಂಜೆ ಮಗಳು ಬಂದಳು. ಚಹಾ ಕುಡಿಯುತ್ತ, "ಯಲಬುರ್ಗಾದ ಅಜ್ಜಗ ಹಚ್ಚಿದ್ದೇನು? ಏನಂದ್ರು?" ಎಂದು ಕೇಳಿದಳು. ಮಧ್ಯಾಹ್ನದಿಂದ ನಾನು ಹೇಳುವ ಮಾತನ್ನು ಸರಿ ಮಾಡಿಕೊಂಡಿದ್ದೆ. ಅವಳ ಮುಖ ನೋಡಿದ ಕೂಡಲೇ ಬಾಯಿ ತನ್ನ ರೂಢಿಯ ದಾರಿ ಹಿಡಿಯಿತು.

"ಅದ ಕಾಲಿಂದು, ಮತ್ತೇನು" ಅಂದೆ.

ಅವಳು ಚಹಾದ ಬಸಿಯನ್ನು ಕೆಳಗಿಟ್ಟಳು. "ಹತ್ತಬಾರದಿತ್ತು ನಾನು. ನೀ ಬ್ಯಾಡ ಅನ್ನಾಕತ್ತಿದ್ದಿ" ಅಂದಳು. ಆಮೇಲೆ, "ಇನ್ನ ಯಾರನ್ನೂ ಕರಸಬ್ಯಾಡ್ರಿ" ಅಂದಳು. ಅದನ್ನು ಅವಳ ಅಪ್ಪನ ಕಡೆ ತಿರುಗಿ ಹೇಳಿದಳು.

ಅವರು ಒಪ್ಪಿದರು. ನಾನೂ ಒಪ್ಪಿದೆ. ಈಗ ಒಂದು ವರ್ಷದ ಮೇಲಾಯಿತು, ಯಾರೂ ಬಂದಿಲ್ಲ. ಮಾವ ಎರಡು ಸಲ ಕೇಳಿ ಬಿಟ್ಟುಬಿಟ್ಟರು. ಆ ಹುಡುಗನ ಲಗ್ನ ಸಿಂಧನೂರಿನ ಕಡೆ ಆಯಿತಂತೆ.

ಪ್ರತಿ ವರ್ಷ ಅವಳ ಶಾಲೆಯವರು ಹತ್ತನೆಯ ಇಯತ್ತೆಯ ಮಕ್ಕಳನ್ನು ಕೋಟೆಗೆ ಕರೆದೊಯ್ಯುತ್ತಾರೆ. ಇವಳೂ ಹೋಗುತ್ತಿದ್ದಳು. ಎಲ್ಲರಿಗಿಂತ ಹಿಂದೆ ಹತ್ತುತ್ತಾಳೆ, ಹಟಮಾರಿ ಹುಡುಗಿಯರು ಇವಳ ಜೊತೆಗೇ ಉಳಿಯುತ್ತಾರೆ ಎಂದು ಕೇಳಿದ್ದೆ. ಈ ವರ್ಷ ಅವತ್ತು ಅವಳು ರಜೆ ಹಾಕಿ ಮನೆಯಲ್ಲೇ ಉಳಿದಳು. ಪಡಸಾಲೆಯಲ್ಲಿ ಪೇಪರು ತಿದ್ದುತ್ತಿದ್ದಳು.

"ಯಾಕ ಹೋಗಲಿಲ್ಲ?" ಅಂದೆ.

"ನನ್ನ ಕೈಲೆ ಹತ್ತಾಕ ಆಗಂಗಿಲ್ಲವ್ವಾ."

"ಅವತ್ತ ಹತ್ತಿದ್ಯಲ್ಲ."

"ಹತ್ತಿದ್ದಕ್ಕ ಹಿಂಗ ಆತಲ್ಲ" ಅಂದಳು, ಪೇಪರಿನಿಂದ ತಲೆ ಎತ್ತದೆ.

ನಾನು ಅವಳ ಎದುರಿಗೆ ಕುಳಿತೆ. ಇವತ್ತು ಹೇಳಿಬಿಡಬೇಕು, ಇವಳು ಹತ್ತಿದ್ದರಿಂದ ಕೆಟ್ಟದ್ದಲ್ಲ, ನನ್ನ ಒಂದು ಮಾತಿನಿಂದ ಕೆಟ್ಟದ್ದು ಎಂದು. "ಯವ್ವಾ, ಆ ಕುಷ್ಟಗಿಯವರು..." ಎಂದು ಬಾಯಿ ತೆರೆದೆ. ಅವಳು ಕೆಂಪು ಪೆನ್ನು ಇಟ್ಟು ನನ್ನ ಮೊಣಕಾಲ ಮೇಲೆ ಕೈ ಇಟ್ಟಳು.

"ಹೋಗ್ಲಿ ಬಿಡವ್ವಾ. ನಿಂದೇನ ತಪ್ಪೈತಿ? ನೀ ಮಾಡೂದೆಲ್ಲಾ ಮಾಡಿದಿ."

ನಾನು ಹ್ಞೂಂ ಅಂದೆ.