ಅಣ್ಣ ಜೋಡಿಸಿದ ಕಂಪ್ಯೂಟರ್

ನಾಗಸಂದ್ರದ ಹಳೇ ಊರೊಳಗಿನ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಹಾಲಕ್ಷ್ಮಿ ಮದುವೆ ಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದಳು. ಗೃಹಪ್ರವೇಶದ ಕಾರ್ಡು, ಅಂಗಡಿಗಳ ಬಿಲ್ ಪುಸ್ತಕ, ಪೀಣ್ಯದ ಕಾರ್ಖಾನೆಗಳಲ್ಲಿ ಕೆಲಸ ಹುಡುಕುವವರ ಬಯೋಡೇಟಾ, ಬಂದದ್ದೆಲ್ಲ ಮಾಡುತ್ತಿದ್ದಳು. ಕೆಲಸ ಅವಳದು, ಕಂಪ್ಯೂಟರ್ ಮಾತ್ರ ಅಣ್ಣ ಭಾನುಪ್ರಕಾಶನದು.

ಎರಡು ಸಾವಿರದ ಮೂರರಲ್ಲಿ ಅವನು ಅದನ್ನು ತಾನೇ ಜೋಡಿಸಿದ್ದ. ಸಂಬಳ ಬಂದಾಗಲೆಲ್ಲ ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರೋಡಿಗೆ ಹೋಗಿ ಒಂದೊಂದೇ ಭಾಗ ತಂದು ಮಂಚದ ಕೆಳಗೆ ಇಟ್ಟುಕೊಂಡಿದ್ದ. ಪರದೆ ಬೆಳಗಿದ ದಿನ ತಾಯಿ ಮುನಿಯಕ್ಕ ಅದರ ತಗಡಿನ ಕ್ಯಾಬಿನೆಟ್ಟಿಗೆ ಕುಂಕುಮವಿಟ್ಟು ಕಾಯಿ ಒಡೆದಿದ್ದಳು.

ಮೂರು ವರ್ಷ ಕಳೆದ ಮೇಲೆ ಭಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸಿಗೆ ಅವನ ಬಲಗೈ ಸಿಕ್ಕಿತು. ಹೆಬ್ಬೆರಳೂ ಕಿರುಬೆರಳೂ ಮಾತ್ರ ಉಳಿದವು. ಅವನು ಮನೆ ಹಿಡಿದ. ನೆಂಟರು ಬಂದರೆ ಅವರೆದುರು ಉಣ್ಣಲು ಕೂರುತ್ತಿರಲಿಲ್ಲ. ತಂಗಿಯ ಹತ್ತಿರ ಅವನು ಬಾಯಿಬಿಟ್ಟು ಕೇಳಿದ್ದು ಒಂದೇ ಮಾತು.

"ಕಂಪ್ಯೂಟರಿಗೆ ಏನಾದ್ರೂ ಆದ್ರೆ ಯಾರ ಹತ್ರಾನೂ ತಗೊಂಡ್ಹೋಗ್ಬೇಡ ಕಣೇ. ಬಿಚ್ಚೋದು, ಜೋಡ್ಸೋದು ನಂದು. ನಿಧಾನ ಆಗ್ಬಹುದು, ಮಾಡ್ತೀನಿ."

"ಆಯ್ತಣ್ಣ," ಎಂದಿದ್ದಳು ಅವಳು.

ಒಂದು ದಿನ ಅವನು ಕೈ ತೋರಿಸಲು ಆಸ್ಪತ್ರೆಗೆ ಹೋಗಿದ್ದಾಗ ಕಂಪ್ಯೂಟರಿನ ಹಿಂಭಾಗದಿಂದ ಸುಟ್ಟ ವಾಸನೆ ಬಂತು. ಎದುರಿಗೆ ಲಗ್ನಪತ್ರಿಕೆಯವರು ಕಾದು ಕೂತಿದ್ದರು. ಅವಳು ಅದನ್ನು ಆಟೋದಲ್ಲಿಟ್ಟುಕೊಂಡು ದಾಸರಹಳ್ಳಿಯ ರಿಪೇರಿ ಅಂಗಡಿಗೆ ಓಡಿದಳು. ಕರೆಂಟ್ ಒದಗಿಸುವ ಡಬ್ಬಿಯೊಂದನ್ನು ಬದಲಾಯಿಸಿದರೆ ಸಾಕಿತ್ತು, ಸಣ್ಣ ಕೆಲಸ. ಸಂಜೆ ಹೇಳಿದರಾಯಿತು ಅಂದುಕೊಂಡಳು. ಸಂಜೆ ಅವನು ಬಾಡಿದ ಮುಖ ಹೊತ್ತು ಬಂದ. ಅವಳು ಹೇಳಲಿಲ್ಲ.

ಆಮೇಲೆ, ಅವನು ಸೋದರತ್ತೆಯ ಮನೆಗೆ ಹೋಗಿದ್ದಾಗ, ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಅಣ್ಣನಿಗೆ ಕೊಟ್ಟರೆ ವಾರ ಹಿಡಿಯುತ್ತದೆ, ಗಿರಾಕಿ ಬೇರೆ ಕಡೆ ಹೋಗುತ್ತಾರೆ ಎಂದು ಲೆಕ್ಕ ಹಾಕಿ ಮತ್ತೆ ಅದೇ ಅಂಗಡಿಗೆ ಹೋದಳು. ಕೊನೆಗೆ ಮದರ್‌ಬೋರ್ಡೇ ಹೋಯಿತು. ಅಣ್ಣ ಮನೆಯಲ್ಲಿಲ್ಲದ ಹೊತ್ತು ನೋಡಿ ಅದನ್ನೂ ಅಲ್ಲಿಗೇ ಒಯ್ದಳು.

"ಕ್ಯಾಬಿನೆಟ್ಟೂ ಹೊಸದು ಹಾಕ್ಲಾ ಅಕ್ಕ? ತುಕ್ಕು ಹಿಡ್ದಿದೆ," ಎಂದ ಅಂಗಡಿಯವನು.

"ಬೇಡ ಬೇಡ, ಹೊರಗಡೆ ಇದೇ ಇರ್ಲಿ," ಎಂದಳು. ಹಾಗೇಕೆ ಅಂದೆನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮನೆಗೆ ಬರುವವರೆಗೆ ಆಟೋದಲ್ಲಿ ಕಣ್ಣೆತ್ತಲಿಲ್ಲ.

"ನೋಡಿದ್ರಾ, ವಯಸ್ಸಾದಂಗೆಲ್ಲ ಜೋರಾಗ್ತಿದೆ ನನ್ನ ಕಂಪ್ಯೂಟರ್ರು!" ಎಂದು ಭಾನು ಗಿರಾಕಿಗಳೆದುರು ಹೆಮ್ಮೆಪಟ್ಟಾಗ ಅವಳು ಕೀಬೋರ್ಡಿನ ಕಡೆ ತಲೆ ತಗ್ಗಿಸುತ್ತಿದ್ದಳು.

ಎರಡು ಸಾವಿರದ ಒಂಬತ್ತರ ಒಂದು ಭಾನುವಾರ. ಭಾನು ಹಿಂದಿನ ದಿನ ಯಾರಿಗೂ ಹೇಳದೆ ಒಬ್ಬನೇ ಬಸ್ಸು ಹತ್ತಿ ಎಸ್.ಪಿ. ರೋಡಿಗೆ ಹೋಗಿಬಂದಿದ್ದ. ಕೈ ಹೋದ ಮೇಲೆ ಅವನು ಪೇಟೆಗೆ ಹೋದದ್ದು ಅದೇ ಮೊದಲು. ಜೇಬಿನಿಂದ ಕಂಪ್ಯೂಟರಿನ ವೇಗ ಹೆಚ್ಚಿಸುವ ಒಂದು ರ್‍ಯಾಮ್ ತೆಗೆದು ತೋರಿಸಿದ.

"ಫೋಟೋ ತೆರೆಯೋವಾಗ ನಿಂತ್ಕೊಳ್ಳುತ್ತೆ ಅಂತಿದ್ದೆಯಲ್ಲ. ನಮ್ಮ ಹಳೇ ಬೋರ್ಡಿಗೆ ಆಗೋ ಮಾಲು ಈಗ ಸಿಗೋದೇ ಕಷ್ಟ. ಹುಡುಕಿ ಹುಡುಕಿ ತಂದೆ."

ಎಡಗೈಯಲ್ಲಿ ಸ್ಕ್ರೂ ಬಿಚ್ಚಿ ಕ್ಯಾಬಿನೆಟ್ಟಿನ ಬಾಗಿಲು ತೆಗೆದ. ಒಳಗೆ ಬಗ್ಗಿ ನೋಡಿ, "ಏನೇ ಇದು, ಹೊಸದರ ಥರ ಕಾಣ್ತಿದೆ!" ಎಂದ.

"ಧೂಳು ಒರ್ಸಿದ್ದೆ ಅಣ್ಣ," ಎಂದಳು ಮಹಾಲಕ್ಷ್ಮಿ.

ಅವನು ನಂಬಿದ. ಉಳಿದ ಹೆಬ್ಬೆರಳು ಕಿರುಬೆರಳಿನ ನಡುವೆ ರ್‍ಯಾಮ್ ಹಿಡಿದು, ಎಡಗೈ ಆಸರೆ ಕೊಟ್ಟು ಒತ್ತಿದ. ಅದು ಕೂರಲಿಲ್ಲ. ಹಳೇ ಬೋರ್ಡಿನ ಮಾಲು ಹೊಸ ಬೋರ್ಡಿನಲ್ಲಿ ಕೂರುವುದಾದರೂ ಹೇಗೆ? ಅವಳಿಗೆ ಅದು ಗೊತ್ತು. ಅವನು ಮಾತ್ರ ತನ್ನ ಕೈಯನ್ನೇ ನೋಡಿಕೊಂಡ. ಹಣೆಯ ಬೆವರು ತೋಳಿಗೆ ಒರೆಸಿ ಮತ್ತೆ ಒತ್ತಿದ. ನಾಲಿಗೆ ತುದಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ಅವನು ಇನ್ನೂ ಬಲವಾಗಿ ಒತ್ತಿದ. ಚಟ್ ಎಂದು ಪಕ್ಕದ ಕ್ಲಿಪ್ಪು ಮುರಿಯಿತು.

ಭಾನು ಕೈ ಹಿಂದಕ್ಕೆಳೆದುಕೊಂಡ. "ತಪ್ಪಾಯ್ತು ಕಣೇ. ನಿನ್ನ ಕೆಲ್ಸ ಕೆಡಿಸ್ಬಿಟ್ಟೆ."

ಒಳಗಿಂದ ಮುನಿಯಕ್ಕ, "ಓಗ್ಲಿ ಬುಡು ಮಗ, ಕೈ ಅಂಗಾದ್ಮ್ಯಾಲೆ ನೀನಾದ್ರೂ ಏನ್ ಮಾಡೀಯೆ," ಎಂದಳು.

ಆ ಮಾತು ಕೇಳಿ ಮಹಾಲಕ್ಷ್ಮಿಗೆ ನಿಲ್ಲಲಾಗಲಿಲ್ಲ. ಅಣ್ಣನ ಪಕ್ಕ ನೆಲದ ಮೇಲೆ ಕೂತು, "ನಿನ್ನ ಕೈಯಿಂದಾದ ತಪ್ಪಲ್ಲ ಅಣ್ಣ. ಇದು ನಿನ್ನ ಬೋರ್ಡಲ್ಲ," ಎಂದಳು. ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು.

ಅವನು ಮುರಿದ ಕ್ಲಿಪ್ಪನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡ.

"ಹಳೇ ಬೋರ್ಡ್ ಎಲ್ಲಿ?"

"ಅಂಗಡಿಯವನಿಗೇ ಕೊಟ್ಬಿಟ್ಟೆ."

"ರಿಪೇರಿ ಮಾಡ್ಸಿದ್ದು ಹೋಗ್ಲಿ ಕಣೇ, ನಿಂಗೂ ಹೊಟ್ಟೆಪಾಡು. ನಾನು ಒತ್ತೋದನ್ನ ನೋಡ್ಕೊಂಡು ನಿಂತಿದ್ಯಲ್ಲ..." ಮುಂದಕ್ಕೆ ಹೇಳದೆ ಎದ್ದು ಹೋದ.

ಅಳಲು ಸಹ ಅವಳಿಗೆ ಮುಖವಿರಲಿಲ್ಲ.

ಭಾನು ಮಾತು ಬಿಡಲಿಲ್ಲ. ಊಟ, ತಿಂಡಿ, ಮಳೆ ಎಲ್ಲದರ ಬಗ್ಗೆಯೂ ಮಾತಾಡಿದ. ಕಂಪ್ಯೂಟರಿದ್ದ ಕೋಣೆಗೆ ಮಾತ್ರ ಬರಲಿಲ್ಲ. ಗಿರಾಕಿಗಳೆದುರು ಅದರ ಸುದ್ದಿ ಎತ್ತಲಿಲ್ಲ. ಆ ಹೆಮ್ಮೆಯ ಮಾತು ಮತ್ತೊಮ್ಮೆ ಕೇಳಿಸಲಿ ಎಂದು ಅವಳು ಎಷ್ಟೋ ಸಲ ಹಂಬಲಿಸಿದಳು.

ಮುಂಗಾರಿನ ಹೊತ್ತಿಗೆ ಡಿವಿಡಿ ಡ್ರೈವು ಕೆಟ್ಟಿತು. ಹೊಸದನ್ನು ತಂದು, ಕ್ಯಾಬಿನೆಟ್ಟನ್ನೂ ಎತ್ತಿಕೊಂಡು ಹೋಗಿ ಅವನ ಮಂಚದ ಪಕ್ಕ ಇಟ್ಟಳು.

"ಅಂಗಡಿಗೆ ತಗೊಂಡ್ಹೋಗು. ಬೇಗ ಆಗುತ್ತೆ," ಎಂದ ಭಾನು.

"ಬೇಗ ಬೇಡ."

ಆ ದಿನ ಅವನು ಅದನ್ನು ಮುಟ್ಟಲಿಲ್ಲ, ಮರುದಿನವೂ ಇಲ್ಲ. ಲಗ್ನಪತ್ರಿಕೆಗೆ ಕೊಟ್ಟವರು ಬಂದು ಬೈದು, ಕೆಲಸ ವಾಪಸ್ ತೆಗೆದುಕೊಂಡು ಹೋದರು. ಅವರು ಬೈದದ್ದು ಒಳಗಿದ್ದ ಅವನಿಗೂ ಕೇಳಿಸಿತು. ಆಮೇಲೆ ಸ್ಕ್ರೂಡ್ರೈವರ್ ಹುಡುಕುವ ಸದ್ದಾಯಿತು.

ಅವಳು ಹೋಗಿ ಬಾಗಿಲಲ್ಲಿ ನಿಂತಳು. ಭಾನು ಕ್ಯಾಬಿನೆಟ್ಟು ಬಿಚ್ಚಿ, ಒಳಗಿನ ಹಾರ್ಡ್ ಡಿಸ್ಕಿನ ಮೇಲೆ ಬೆರಳಿಟ್ಟು, ತಲೆ ಎತ್ತದೆ ಕೇಳಿದ.

"ಇದು ಯಾವಾಗ ಹಾಕ್ಸಿದ್ದು?"

"ನೀನು ಅತ್ತೆ ಮನೆಗೆ ಹೋಗಿದ್ದಾಗ."

"ಇದು?" ಬೆರಳು ಪಕ್ಕದ ಬೋರ್ಡಿಗೆ ಸರಿಯಿತು.

ಅದಕ್ಕೂ ಉತ್ತರ ಹೇಳಿದಳು.